ನಲವತ್ತು ದನಿಯಲ್ಲಿ ಒಂದು: ಟಾಲಿಸ್ ಹಾಡಲು ಹೋದ ನನ್ನ ಹತ್ತು ವಾರ

ಕಳೆದ ಶನಿವಾರ ರಾತ್ರಿ ನಮ್ಮ ಕ್ವಾಯರ್‌ನ, ಅಂದರೆ ಗುಂಪಾಗಿ ಹಾಡುವ ತಂಡದ, ಕಾರ್ಯಕ್ರಮ ಮುಗಿಯಿತು. ಇವತ್ತು ಮಂಗಳವಾರ. ಸೆಪ್ಟೆಂಬರ್ ಮಧ್ಯದಿಂದ ಪ್ರತಿ ಮಂಗಳವಾರ ಸಂಜೆ ಏಳೂವರೆಗೆ ಒಂದು ಚರ್ಚಿನ ಹಿಂದಿನ ಹಾಲ್‌ಗೆ ಓಡುತ್ತಿದ್ದೆ. ಇವತ್ತು ಓಡುವ ಹಾಗಿಲ್ಲ, ಮನೆಯಲ್ಲೇ ಕೂತಿದ್ದೇನೆ. ಮರೆಯುವ ಮುಂಚೆ ಬರೆದಿಟ್ಟುಬಿಡೋಣ ಅನ್ನಿಸಿತು. ಇಲ್ಲಿ ಲಂಡನ್ನಿನಲ್ಲಿ ನನ್ನ ಹಾಗೇ ಚಿಕ್ಕಂದಿನಲ್ಲಿ ಸಂಗೀತ ಕಲಿತು ಬಿಟ್ಟವರು ತುಂಬ ಜನ ಇದ್ದಾರೆ. ಇಬ್ಬರು ಆಗಲೇ ಫೋನ್ ಮಾಡಿ, "ನಾವೂ ಸೇರಬಹುದಾ, ಹೇಗೆ, ಎಷ್ಟು ಖರ್ಚು?" ಅಂತ ಕೇಳಿದರು. ಅವರಿಗೂ ಇದೇ ಉತ್ತರ.

ಹಾಡಿದ್ದು ಇಂಗ್ಲೆಂಡಿನ ಹಳೆಯ ರಚನೆಕಾರ ಥಾಮಸ್ ಟಾಲಿಸ್‌ನ 'ಸ್ಪೆಮ್ ಇನ್ ಆಲಿಯುಮ್'. ಸುಮಾರು 1570ರ ಹೊತ್ತಿನ ಕೃತಿ. ಲ್ಯಾಟಿನ್ ಪ್ರಾರ್ಥನೆ. ವಾದ್ಯ ಇಲ್ಲ, ಬರೀ ಗಂಟಲು. ನಲವತ್ತು ದನಿ ಅಂದರೆ ನಲವತ್ತು ಜನ ಒಂದೇ ಹಾಡು ಹಾಡುವುದು ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ನಲವತ್ತು ಬೇರೆ ಬೇರೆ ಸಾಲುಗಳು. ಐದೈದು ದನಿಯ ಎಂಟು ಗುಂಪು, ಎತ್ತರದ ದನಿಯಿಂದ ಕೆಳಗಿನದಕ್ಕೆ: ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್, ಬಾಸ್. ಒಬ್ಬರು ಹಾಡುವುದನ್ನು ಇನ್ನೊಬ್ಬರು ಹಾಡುವುದಿಲ್ಲ. ನಿಮ್ಮ ಸಾಲು ನಿಮಗೇ. ಹತ್ತರಿಂದ ಹನ್ನೆರಡು ನಿಮಿಷ, ಅಷ್ಟೇ. ಆ ಹನ್ನೆರಡು ನಿಮಿಷಕ್ಕೆ ನಾನು ಹತ್ತು ವಾರ ನಿದ್ದೆ ಕೆಡಿಸಿಕೊಂಡೆ.

ಮೊದಲಿಂದ ಹೇಳುತ್ತೇನೆ.

ಮೇ ತಿಂಗಳಲ್ಲಿ ನಮ್ಮ ಬಡಾವಣೆಯ ಒಂದು ಹವ್ಯಾಸಿ ಕ್ವಾಯರ್‌ಗೆ ಇಮೇಲ್ ಕಳಿಸಿದೆ. ನಾನೂ, ನನ್ನ ಹೆಂಡತಿಯೂ. ಅವಳ ದನಿ ನನ್ನದಕ್ಕಿಂತ ಎಷ್ಟೋ ಚೆಂದ. ಆರು ವಾರ ಉತ್ತರ ಇಲ್ಲ. ಮತ್ತೆ ಕಳಿಸಿದೆ. ಜುಲೈನಲ್ಲಿ ಉತ್ತರ ಬಂತು: ಸೊಪ್ರಾನೊಗೆ, ಅಂದರೆ ಹೆಂಗಸರ ಎತ್ತರದ ದನಿಗೆ, ಕಾಯುವ ಪಟ್ಟಿ ಇದೆ, ಒಂದು ವರ್ಷವಾದರೂ ಆಗಬಹುದು. ಟೆನರ್ (ಗಂಡಸರ ಎತ್ತರದ ದನಿ) ಆಗಿದ್ದರೆ ಮುಂದಿನ ವಾರವೇ ಬನ್ನಿ. ಇದು ಈ ಊರಿನ ಹವ್ಯಾಸಿ ಕ್ವಾಯರ್‌ಗಳ ಹಳೇ ಕಥೆಯಂತೆ. ಟೆನರ್‌ಗಳಿಗೆ ಎಲ್ಲೆಡೆ ಬರ. ಚೆನ್ನಾಗಿ ಹಾಡುವವಳು ಮನೆಯಲ್ಲಿ ಉಳಿದಳು, ಅಷ್ಟಕ್ಕಷ್ಟೇ ಹಾಡುವವನು ಒಳಗೆ ಹೋದ. ಆ ವಾರ ಮನೆಯಲ್ಲಿ ಕಾಫಿ ಸ್ವಲ್ಪ ಕಹಿಯಾಗೇ ಇತ್ತು.

ಹೋಗುವವರಿಗೆ ಒಂದು ಮಾತು: ಗಂಡಸರಾಗಿದ್ದು, ಒಂದು ಶ್ರುತಿ ಅಥವಾ ಒಂದೂವರೆ ಶ್ರುತಿಯಲ್ಲಿ ಹಾಡಿ ತಾರಸ್ಥಾಯಿಯ ಪಂಚಮ ಮುಟ್ಟುತ್ತೀರಿ ಅಂದರೆ ಇಮೇಲ್‌ನ ಮೊದಲ ಸಾಲಿನಲ್ಲೇ 'ಟೆನರ್' ಅಂತ ಬರೆಯಿರಿ. ನಾನು ನನ್ನ ಸಂಗೀತದ ಇತಿಹಾಸವನ್ನೆಲ್ಲ ಬರೆದು ಕೊನೆಯಲ್ಲಿ ಅದನ್ನು ಹೇಳಿದ್ದೆ. ಅವರು ಕೊನೆವರೆಗೆ ಓದಿಯೇ ಇರಲಿಲ್ಲ.

ದನಿ ಪರೀಕ್ಷೆ ಹತ್ತೇ ನಿಮಿಷ. ನಿರ್ದೇಶಕಿ ಪಿಯಾನೊದಲ್ಲಿ ನಾಲ್ಕು ಸ್ವರ ನುಡಿಸುತ್ತಾರೆ, ನಾವು ತಿರುಗಿ ಹಾಡಬೇಕು. ಅದು ಸಲೀಸು. ಕರ್ನಾಟಕ ಸಂಗೀತದ ಶುರುವಿನ ಪಾಠವಾದ ಜಂಟಿ ವರಸೆ ಮಾಡಿದವರಿಗೆ ಅದು ಏನೂ ಅಲ್ಲ. ಆಮೇಲೆ ಒಂದು ಹಾಳೆ ಕೊಟ್ಟರು. ಐದು ಗೆರೆ, ಅದರ ಮೇಲೆ ಇರುವೆ ಸಾಲು. "ಇದನ್ನು ನೋಡಿ ಹಾಡಿ" ಅಂದರು. ನನಗೆ ಆ ಇರುವೆ ಓದಲು ಬರುತ್ತಿರಲಿಲ್ಲ. ಮೈಸೂರಿನಲ್ಲಿ ಆರು ವರ್ಷ ಕಲಿತದ್ದೆಲ್ಲ ಕಿವಿಯಿಂದ, ಮತ್ತೆ ಪುಸ್ತಕದಲ್ಲಿ ಸರಿಗಮ ಅಂತ ಅಕ್ಷರದಲ್ಲಿ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿ, "ಎಣಿಸಲು ಬರುತ್ತಾ?" ಅಂತ ಕೇಳಿದರು. ತೊಡೆ ತಟ್ಟಿ ಆದಿತಾಳ ಹಾಕಿ ತೋರಿಸಿದೆ. ಎರಡು ವೇಗದಲ್ಲಿ. ನಕ್ಕು, "ಸೆಪ್ಟೆಂಬರ್‌ಗೆ ಬನ್ನಿ, ಅಷ್ಟರಲ್ಲಿ ಓದು ಕಲಿಯಿರಿ" ಅಂದರು. ಎಣಿಕೆಯ ಪ್ರಶ್ನೆ ಯಾಕೆ ಕೇಳಿದರು ಅಂತ ಆಗ ಗೊತ್ತಾಗಲಿಲ್ಲ.

ಕಾಗದಪತ್ರ ಜಾಸ್ತಿ ಇಲ್ಲ, ಆದರೆ ಇದೆ. ಸದಸ್ಯತ್ವದ ಅರ್ಜಿ. ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅನ್ನುವ ಚೀಟಿ. ಫೋಟೊ ತೆಗೆಯಲು ಒಪ್ಪಿಗೆ. ಕೊನೆಯದು 'ಗಿಫ್ಟ್ ಏಡ್' ಅನ್ನುವ ಹಾಳೆ. ನೀವು ಇಲ್ಲಿ ಆದಾಯ ತೆರಿಗೆ ಕಟ್ಟುವವರಾದರೆ, ನೀವು ಕೊಟ್ಟ ಒಂದೊಂದು ಪೌಂಡಿಗೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಆ ಸಂಸ್ಥೆಗೆ ಸಿಗುತ್ತದೆ. ನಿಮಗೇನೂ ಖರ್ಚಿಲ್ಲ. ನಾನು ಹೆದರಿಕೊಂಡು ಎರಡು ವಾರ ಸಹಿ ಹಾಕದೆ ಇಟ್ಟುಕೊಂಡಿದ್ದೆ, ಖಜಾಂಚಿ ಮೂರು ಸಲ ನೆನಪಿಸಿದರು. ಸುಮ್ನೆ ಹಾಕಿ ಕೊಡಿ.

ಬೇಸಿಗೆಯೆಲ್ಲ ರೈಲಿನಲ್ಲಿ ಮೊಬೈಲ್ ಹಿಡಿದು ಐದು ಗೆರೆ ಓದಲು ಕಲಿತೆ. ಟೆನರ್ ಸಾಲಿನ ಚಿಹ್ನೆಯ ಬಾಲದಲ್ಲಿ ಒಂದು ಸಣ್ಣ 8 ಇರುತ್ತದೆ. ಬರೆದಿರುವುದಕ್ಕಿಂತ ಒಂದು ಸ್ಥಾಯಿ ಕೆಳಗೆ ಹಾಡು ಅಂತ ಅರ್ಥ. ಮೊದಲ ಎರಡು ವಾರ ಆ 8 ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಬೆಕ್ಕಿನ ಹಾಗೆ ಕಿರುಚುತ್ತಿದ್ದೆ. ಮಗಳು ಬಂದು ಬಾಗಿಲು ಹಾಕಿಕೊಂಡು ಹೋದಳು.

ಸೆಪ್ಟೆಂಬರ್‌ನ ಮೊದಲ ತಾಲೀಮು. ಕುರ್ಚಿಗಳನ್ನು ದೊಡ್ಡ ವೃತ್ತದಲ್ಲಿ ಹಾಕಿದ್ದರು, ಎಂಟು ಗುಂಪಾಗಿ. ನನ್ನನ್ನು ಎಂಟನೇ ಗುಂಪಿಗೆ ಹಾಕಿದರು. ನಾವು ಒಟ್ಟು 58 ಜನ, ಸಾಲು ನಲವತ್ತು. ಹಾಗಾಗಿ ಕೆಲವು ಸಾಲಿಗೆ ಇಬ್ಬರು. ನನ್ನ ಪುಣ್ಯಕ್ಕೆ ನನ್ನ ಸಾಲಿಗೂ ಇನ್ನೊಬ್ಬರಿದ್ದರು. ಎಪ್ಪತ್ತು ದಾಟಿದ ಹಿರಿಯರು, ಅಂಚೆ ಇಲಾಖೆಯಿಂದ ನಿವೃತ್ತರಾದವರು, ಇದನ್ನು ಮುಂಚೆ ಎರಡು ಸಲ ಹಾಡಿದವರು. ಕೈಗೆ ಒಂದು ಪೆನ್ಸಿಲ್ ಕೊಟ್ಟು, "ಪೆನ್ ಯಾವತ್ತೂ ತರಬೇಡಿ" ಅಂದರು. ಅದೇ ಅವರ ಮೊದಲ ಪಾಠ.

ಅವತ್ತು ನಿರ್ದೇಶಕಿ ಈ ಕೃತಿ ಹುಟ್ಟಿದ ಕಥೆ ಹೇಳಿದರು. ಟಾಲಿಸ್ ಎಂಟನೇ ಹೆನ್ರಿ, ಆರನೇ ಎಡ್ವರ್ಡ್, ಮೇರಿ, ಎಲಿಜಬೆತ್ ಹೀಗೆ ನಾಲ್ಕು ದೊರೆಗಳ ಕಾಲದಲ್ಲಿ ಆಸ್ಥಾನದ ಚಾಪೆಲ್‌ನಲ್ಲಿ ಹಾಡಿದವನು. ದೊರೆ ಬದಲಾದಾಗಲೆಲ್ಲ ದೇಶದ ಪೂಜಾ ಪದ್ಧತಿಯೇ ಬದಲಾಗುತ್ತಿತ್ತು. ಲ್ಯಾಟಿನ್ ಹೋಗಿ ಇಂಗ್ಲಿಷ್, ಇಂಗ್ಲಿಷ್ ಹೋಗಿ ಲ್ಯಾಟಿನ್, ಮತ್ತೆ ಇಂಗ್ಲಿಷ್. ಇವನು ಆಯಾ ಕಾಲಕ್ಕೆ ಬೇಕಾದ್ದು ಬರೆದುಕೊಟ್ಟು ಬದುಕಿಕೊಂಡ. ಆ ಕಾಲದಲ್ಲಿ ತಲೆ ಉಳಿಸಿಕೊಂಡದ್ದೇ ಒಂದು ವಿದ್ಯೆ.

1567ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ಸ್ಟ್ರಿಜ್ಜೊ ಅನ್ನುವ ಸಂಗೀತಗಾರ ಲಂಡನ್ನಿಗೆ ಬಂದಿದ್ದ. ನಲವತ್ತು ದನಿಗೆ ಬರೆದು ಹೆಸರಾಗಿದ್ದವನು ಅವನು. ಇನ್ನು 1611ರ ಒಂದು ಕಾಗದದಲ್ಲಿ ಒಬ್ಬ ಕಾನೂನು ವಿದ್ಯಾರ್ಥಿ ಹೀಗೊಂದು ಕಥೆ ಬರೆದಿಟ್ಟಿದ್ದಾನೆ: ಇಟಲಿಯಿಂದ ತುಂಬ ದನಿಗಳ ಹಾಡೊಂದು ಬಂತು, ಕೇಳಿದವರು ಬೆರಗಾದರು. ಸಂಗೀತಪ್ರೇಮಿ ಡ್ಯೂಕ್ ಒಬ್ಬ, ನಮ್ಮ ಇಂಗ್ಲಿಷರಲ್ಲಿ ಇಂಥದ್ದು ಮಾಡುವವರು ಯಾರೂ ಇಲ್ಲವಾ ಅಂತ ಕೇಳಿದ. ಟಾಲಿಸ್ ಮಾಡಿ ತೋರಿಸಿದ. ಲಂಡನ್ನಿನ ದೊಡ್ಡ ಬಂಗಲೆ ಅರುಂಡೆಲ್ ಹೌಸ್‌ನ ಉದ್ದನೆಯ ಹಜಾರದಲ್ಲಿ ಅದನ್ನು ಹಾಡಿದರು. ಕೇಳಿದ ಡ್ಯೂಕ್ ತನ್ನ ಕೊರಳಿನ ಚಿನ್ನದ ಸರ ತೆಗೆದು ಟಾಲಿಸ್‌ನ ಕೊರಳಿಗೆ ಹಾಕಿದನಂತೆ. ನಲವತ್ತು ವರ್ಷ ಆದಮೇಲೆ ಬರೆದ ಕಥೆ, ಎಷ್ಟು ನಿಜವೋ. ಆದರೂ ಅರಮನೆಯಲ್ಲಿ ವಿದ್ವಾಂಸರಿಗೆ ಖಿಲ್ಲತ್ತು (ಸನ್ಮಾನದ ಉಡುಗೊರೆ) ಕೊಡುತ್ತಿದ್ದ ಊರಿನಿಂದ ಬಂದ ನನಗೆ ಇದು ನಂಬದಿರುವಂಥ ಕಥೆ ಅಂತ ಅನ್ನಿಸಲಿಲ್ಲ.

ಟಾಲಿಸ್‌ನ ಕೈಬರಹದ ಪ್ರತಿ ಉಳಿದಿಲ್ಲ. ನಮಗೆ ಸಿಕ್ಕಿರುವ ಹಳೆಯ ಪ್ರತಿ, 1610ರಲ್ಲಿ ರಾಜಕುಮಾರ ಹೆನ್ರಿಗೆ ವೇಲ್ಸ್ ರಾಜಕುಮಾರನ ಪಟ್ಟ ಕಟ್ಟಿದಾಗ ಇದೇ ಸ್ವರಗಳಿಗೆ ಬೇರೆ ಇಂಗ್ಲಿಷ್ ಪದ ಕೂರಿಸಿ ಹಾಡಿದ ಕಾಲದ್ದು. ಪ್ರಾರ್ಥನೆಯ ಧಾಟಿಗೆ ಪಟ್ಟಾಭಿಷೇಕದ ಹಾಡು. ನಮ್ಮಲ್ಲಿ ದಾಸರ ಪದದ ಧಾಟಿಗೆ ಪ್ರಚಾರದ ಹಾಡು ಹೊಸೆಯುವುದಿಲ್ಲವಾ, ಹಾಗೆ.

ಇನ್ನು ಮೊದಲ ಅಡ್ಡಿ. ಸ್ವರ ಪುಸ್ತಕ. ಕ್ವಾಯರ್‌ನವರು ಒಂದು ಗ್ರಂಥಾಲಯದಿಂದ 60 ಪ್ರತಿ ಬಾಡಿಗೆಗೆ ಕೇಳಿದ್ದರು. ಈ ದೇಶದಲ್ಲಿ ಹಾಗೆ ಸಿಗುತ್ತದೆ, ಒಳ್ಳೆಯ ಪದ್ಧತಿ. ಆದರೆ ಪ್ರತಿಗಳು ಬರಲೇ ಇಲ್ಲ. ಹಿಂದೆ ತೆಗೆದುಕೊಂಡವರು ವಾಪಸ್ ಕೊಟ್ಟಿಲ್ಲ ಅಂದರು. ಆಮೇಲೆ ಬೇರೆ ಶಾಖೆಗೆ ಹೋಗಿದೆ ಅಂದರು. ಮೂರು ವಾರ ಹೀಗೇ ಹೋಯಿತು. ಅಲ್ಲಿವರೆಗೆ ನಿಮ್ಮ ನಿಮ್ಮ ಪ್ರತಿ ತನ್ನಿ ಅಂತ ಹೇಳಿದರು. 'ಕೋರಲ್ ಪಬ್ಲಿಕ್ ಡೊಮೈನ್ ಲೈಬ್ರರಿ' ಅನ್ನುವ ಜಾಲತಾಣದಲ್ಲಿ ಇದು ಪುಕ್ಕಟೆ ಸಿಗುತ್ತದೆ. ನಾನು ಜಾಣ. ಮೊದಲ ದಿನವೇ ಇಳಿಸಿಕೊಂಡು ಹೋಗಿ ನಲವತ್ತು ಹಾಳೆ ಪ್ರಿಂಟ್ ತೆಗೆಸಿದೆ. ಹಾಳೆಗೆ 15 ಪೆನ್ಸ್. ಮನೆಗೆ ಬಂದು ನೋಡಿದರೆ ಏನೂ ಕಾಣುವುದಿಲ್ಲ! ಲೆಕ್ಕ ಹಾಕಿ. ಎ4 ಹಾಳೆಯ ಎತ್ತರ 297 ಮಿಲಿಮೀಟರ್. ಅದರಲ್ಲಿ ನಲವತ್ತು ಸಾಲು. ಒಂದೊಂದಕ್ಕೆ ಏಳು ಮಿಲಿಮೀಟರ್. ಅದರೊಳಗೇ ಐದು ಗೆರೆ, ಸ್ವರ, ಕೆಳಗೆ ಲ್ಯಾಟಿನ್ ಪದ. ಸಾಸಿವೆ ಚೆಲ್ಲಿದ ಹಾಗಿತ್ತು. ಆರು ಪೌಂಡ್ ಹಾಳು.

ನೀವು ಹಾಗೆ ಮಾಡಬೇಡಿ. ಪೂರ್ತಿ ನಲವತ್ತು ಸಾಲು ಬೇಕೆಂದರೆ ಎ3 ಹಾಳೆಯೇ ಆಗಬೇಕು. ಇಲ್ಲವಾದರೆ ನಿಮ್ಮ ಗುಂಪಿನ ಐದು ಸಾಲು ಮಾತ್ರ ಇರುವ ಪ್ರತಿ ಕೇಳಿ. ಅದು ಓದಲು ಹಗುರ. ಆದರೆ ಅದರಲ್ಲೊಂದು ಕಷ್ಟ ಇದೆ, ಬೇರೆಯವರು ಏನು ಹಾಡುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಕತ್ತಲಲ್ಲಿ ಬಸ್ ಕಾಯ್ದ ಹಾಗೆ.

ಲ್ಯಾಟಿನ್ ಮಾತ್ರ ನನಗೆ ಕಷ್ಟ ಆಗಲಿಲ್ಲ. ಕನ್ನಡದಲ್ಲಿ ಬರೆದುಕೊಂಡೆ. 'ಸ್ಪೆಮ್ ಇನ್ ಆಲಿಯುಮ್ ನುನ್‌ಕ್ವಾಮ್ ಹಾಬುಯಿ', ಆಮೇಲೆ 'ಕ್ವಿ ಇರಾಶೇರಿಸ್', 'ಪ್ರೊಪಿತ್ಸಿಯುಸ್ ಎರಿಸ್'. ನಾವು ಹಾಡಿದ್ದು ಇಟಲಿಯ ಚರ್ಚಿನ ಉಚ್ಚಾರ. ಅದರಲ್ಲಿ ತ, ದ ಎರಡೂ ನಮ್ಮ ತ, ದ ಇದ್ದ ಹಾಗೇ, ಹಲ್ಲಿಗೆ ನಾಲಿಗೆ ತಾಗಬೇಕು. ಇಂಗ್ಲಿಷರಿಗೆ ಅದು ಬರುವುದೇ ಇಲ್ಲ, ಟ, ಡ ಆಗಿಬಿಡುತ್ತದೆ. ನಿರ್ದೇಶಕಿ ಎರಡನೇ ವಾರ ನನ್ನ ಕಡೆ ಕೈ ತೋರಿಸಿ, "ಇವರ ತ ಕೇಳಿ, ಹೀಗೆ ಇರಬೇಕು" ಅಂದರು. ಹತ್ತು ವಾರದಲ್ಲಿ ನನಗೆ ಸಿಕ್ಕ ಒಂದೇ ಹೊಗಳಿಕೆ ಅದು. ಪಕ್ಕದ ಹಿರಿಯರು ನನ್ನ ಪುಸ್ತಕಕ್ಕೆ ಬಗ್ಗಿ, "ಈ ದುಂಡು ದುಂಡು ಬರಹ ಯಾವುದು?" ಅಂತ ಕೇಳಿದರು. ಹೇಳಿದೆ. ತಮ್ಮ ಹೆಸರನ್ನೂ ಹಾಗೆ ಬರೆಸಿಕೊಂಡರು.

ಅರ್ಥ ಏನು ಅಂತ ಅಮ್ಮ ಫೋನಿನಲ್ಲಿ ಕೇಳಿದಳು. ನಿನ್ನನ್ನು ಬಿಟ್ಟು ಬೇರೆ ಯಾರಲ್ಲೂ ನಾನು ಭರವಸೆ ಇಟ್ಟಿಲ್ಲ ದೇವರೇ, ನೀನು ಕೋಪ ಮಾಡುತ್ತೀಯ, ಮತ್ತೆ ಕರುಣೆ ತೋರಿಸುತ್ತೀಯ, ಕಷ್ಟದಲ್ಲಿರುವವರ ಪಾಪವನ್ನೆಲ್ಲ ಮನ್ನಿಸುತ್ತೀಯ, ನಮ್ಮ ದೀನತೆಯನ್ನು ನೋಡು, ಅಷ್ಟೇ ಅಂದೆ. "ಅಷ್ಟೇ ಅಂದ್ರೇನೋ, ಇನ್ನೇನು ಬೇಕು? ದಾಸರೂ ಅದನ್ನೇ ಅಲ್ವೇನೋ ಹೇಳಿದ್ದು" ಅಂದಳು. ಆಮೇಲೆ, "ಅದಕ್ಕೆ ನಲವತ್ತು ಜನ ಯಾಕೆ ಬೇಕು?" ಅಂತಲೂ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಎಣಿಕೆ.

ಹಾಡು ಒಂದನೇ ಗುಂಪಿನ ಒಂದೇ ದನಿಯಿಂದ ಶುರುವಾಗುತ್ತದೆ. ಅದನ್ನೇ ಅನುಸರಿಸಿ ಇನ್ನೊಬ್ಬರು, ಮತ್ತೊಬ್ಬರು ಸೇರುತ್ತಾರೆ. ಮೊದಲು ಬಂದವರು ಸುಮ್ಮನಾಗುತ್ತಾರೆ, ಹಾಡು ಪಕ್ಕದ ಗುಂಪಿಗೆ ಹೋಗುತ್ತದೆ. ಹೀಗೆ ಸುತ್ತುತ್ತಾ ಎಂಟನೆಯವರ ಹತ್ತಿರ ಬರಬೇಕು. ಅಂದರೆ ನಾನು ಎರಡು ನಿಮಿಷಕ್ಕೂ ಜಾಸ್ತಿ ಬಾಯಿ ಮುಚ್ಚಿ ನಿಂತಿರಬೇಕು. ಆಮೇಲೆ ಒಂದು ನಿರ್ದಿಷ್ಟ ಕ್ಷಣದಲ್ಲಿ, ಯಾರ ಆಸರೆಯೂ ಇಲ್ಲದೆ, ಸರಿಯಾದ ಸ್ವರದಲ್ಲಿ ಬರಬೇಕು. 40ನೇ ಬಾರ್‌ನಲ್ಲಿ ನಲವತ್ತೂ ದನಿ ಒಮ್ಮೆಲೇ ಸೇರುತ್ತವೆ (ಬಾರ್ ಅಂದರೆ ಹಾಳೆಯಲ್ಲಿ ಗೆರೆ ಹಾಕಿ ಮಾಡಿದ ಒಂದೊಂದು ಭಾಗ). ಆಮೇಲೆ ಹಾಡು ಎಂಟರಿಂದ ಒಂದಕ್ಕೆ ಹಿಂದಕ್ಕೆ ಸುತ್ತುತ್ತದೆ. ಮತ್ತೆ ಎಲ್ಲರೂ. ಆಮೇಲೆ ಗುಂಪು ಗುಂಪು ಎದುರುಬದುರಾಗಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ಕೊನೆಗೆ ಒಂದು ಮೌನ, ಮತ್ತೆ ನಲವತ್ತೂ.

ಒಟ್ಟು 138 ಬಾರ್. ನಾವು ಒಂದು ಬಾರ್‌ಗೆ ನಾಲ್ಕು ಎಣಿಸುತ್ತಿದ್ದೆವು. ನನಗೆ ಹೊಳೆಯಿತು: ಎರಡು ಬಾರ್ ಅಂದರೆ ಎಂಟು, ಅಂದರೆ ಆದಿತಾಳದ ಒಂದು ಆವರ್ತನ, ಒಂದು ಪೂರ್ತಿ ಸುತ್ತು! 40ನೇ ಬಾರ್ ಬರುವುದು ಇಪ್ಪತ್ತನೇ ಆವರ್ತನದ ದ್ರುತದಲ್ಲಿ, ಅಂದರೆ ಆ ಸುತ್ತಿನ ಎರಡನೇ ಅರ್ಧದಲ್ಲಿ. ಪೂರ್ತಿ ಕೃತಿಗೆ 69 ಆವರ್ತನ. ಖುಷಿಯಿಂದ ಹಿರಿಯರಿಗೆ ಹೇಳಿದರೆ ಅವರು ಕಣ್ಣು ಅರಳಿಸಿದರು. "69 ಯಾಕೆ ಅಂತ ಗೊತ್ತಾ?" ಅಂದರು. ಹಳೆಯ ಲ್ಯಾಟಿನ್ ಅಕ್ಷರಮಾಲೆಯಲ್ಲಿ ಟಾಲಿಸ್ ಹೆಸರಿನ ಅಕ್ಷರಗಳಿಗೆ ಕ್ರಮವಾಗಿ 19, 1, 11, 11, 9, 18 ಅಂಕೆ. ಕೂಡಿದರೆ 69. ಬೇಕೆಂದೇ ಮಾಡಿದನೋ, ಹಾಗೇ ಬಂತೋ, ಯಾರೂ ಸಾಬೀತು ಮಾಡಿಲ್ಲ. ನನಗಂತೂ ಕಟಪಯಾದಿ ನೆನಪಾಯಿತು, ರಾಗದ ಹೆಸರಿನ ಅಕ್ಷರದಿಂದ ಅದರ ಅಂಕೆ ತೆಗೆಯುವ ನಮ್ಮ ಪದ್ಧತಿ. ಧೀರಶಂಕರಾಭರಣದ ಧೀ ಒಂಬತ್ತು, ರ ಎರಡು, ತಿರುಗಿಸಿ ಓದಿದರೆ 29ನೇ ಮೇಳ. ಅದನ್ನು ಅವರಿಗೆ ವಿವರಿಸುವಷ್ಟರಲ್ಲಿ ಚಹಾದ ವಿರಾಮವೇ ಮುಗಿಯಿತು. ಬಿಸ್ಕತ್ತು ತಪ್ಪಿತು.

ಆದರೆ ತಾಳವೇ ನನಗೆ ಮುಳುವೂ ಆಯಿತು. ನಾನು ಕೈಯಲ್ಲಿ ಹಾಕದೆ ಎಣಿಸಲಾರೆ. ನಾಲ್ಕನೇ ವಾರ ನಿರ್ದೇಶಕಿ ತಾಲೀಮು ನಿಲ್ಲಿಸಿ, "ಎಂಟನೇ ಗುಂಪಿನಲ್ಲಿ ಯಾರೋ ತೊಡೆಗೆ ಹೊಡೆದುಕೊಳ್ಳುತ್ತಿದ್ದಾರೆ" ಅಂದರು. ಎಲ್ಲರೂ ತಿರುಗಿ ನೋಡಿದರು. ಅವತ್ತಿನಿಂದ ಬೂಟಿನ ಒಳಗೆ ಕಾಲಿನ ಹೆಬ್ಬೆರಳಲ್ಲಿ ತಾಳ ಹಾಕಲು ಕಲಿತೆ. ದ್ರುತಕ್ಕೆ ಬಲಗಾಲು, ಮೊದಲ ನಾಲ್ಕೆಣಿಕೆಯ ಲಘುವಿಗೆ ಎಡಗಾಲು. ಇನ್ನೊಂದು ಬಲೆಯೂ ಇದೆ. ನಮಗೆ ಸಮದ ಮೇಲೆ, ಅಂದರೆ ತಾಳದ ಮೊದಲ ಎಣಿಕೆಯ ಮೇಲೆ, ಒತ್ತು ಕೊಡುವ ಅಭ್ಯಾಸ. ಇಲ್ಲಿ ಆ ಒತ್ತು ಇರಬಾರದು. ಟಾಲಿಸ್‌ನ ಕಾಲದಲ್ಲಿ ಹಾಡುವವರ ಹಾಳೆಯಲ್ಲಿ ಬಾರ್ ಗೆರೆಗಳೇ ಇರುತ್ತಿರಲಿಲ್ಲ, ಈಗಿನ ಸಂಪಾದಕರು ಓದಲು ಅನುಕೂಲವಾಗಲಿ ಅಂತ ಹಾಕಿರುವುದು. ಒತ್ತು ಪದಕ್ಕೆ ಸೇರಿದ್ದು, ತಾಳಕ್ಕಲ್ಲ. ಇದನ್ನು ಬಿಡಿಸಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು.

ಗಮಕದ್ದು ಬೇರೆ ಗೋಳು. ಉದ್ದ ಸ್ವರ ಬಂತೆಂದರೆ ನನ್ನ ಗಂಟಲು ತಾನಾಗಿ ಅಲ್ಲಾಡುತ್ತದೆ. ಗಾಂಧಾರ ಸಿಕ್ಕಿದರಂತೂ ಕೇಳಲೇಬೇಡಿ. "ನೇರ, ನೇರ, ದಾರದ ಹಾಗೆ" ಅಂತ ಹೇಳುತ್ತಲೇ ಇದ್ದರು. ನಲವತ್ತು ಜನರಲ್ಲಿ ಒಬ್ಬ ಅಲ್ಲಾಡಿಸಿದರೂ ಸ್ವರಗಳು ಒಂದರೊಳಗೊಂದು ಕೂರುವುದಿಲ್ಲ. ತಂಬೂರಿ ಇಲ್ಲದ್ದು ಅದಕ್ಕಿಂತ ದೊಡ್ಡ ಕಷ್ಟ. ಶುರುವಿನಲ್ಲಿ ಒಂದು ಸ್ವರ ಕೊಡುತ್ತಾರೆ, ಅಷ್ಟೇ. ಆಮೇಲೆ ಹನ್ನೆರಡು ನಿಮಿಷ ದೇವರೇ ಗತಿ. ಐದನೇ ವಾರದವರೆಗೂ ನಾವು ಕೊನೆಗೆ ಬರುವ ಹೊತ್ತಿಗೆ ಅರ್ಧ ಸ್ವರ ಇಳಿದಿರುತ್ತಿದ್ದೆವು. ಕೃತಿಯ ನೆಲೆ 'ಜಿ' ಸ್ವರ. ಅದನ್ನೇ ಷಡ್ಜ ಅಂದುಕೊಂಡು ಹಾಡಿದರೆ ಬಹುಪಾಲು ಹರಿಕಾಂಭೋಜಿ ರಾಗದ ಮೆಟ್ಟಿಲು. ಹಾಗೆ ಅಂದುಕೊಂಡು ಧೈರ್ಯವಾಗಿದ್ದೆ. ಅಷ್ಟರಲ್ಲಿ ಒಂದು ಕಡೆ ನಾನು ಕೈಶಿಕಿ ನಿಷಾದ ಹಿಡಿದರೆ ಪಕ್ಕದವರು ಅದಕ್ಕಿಂತ ಅರ್ಧ ಸ್ವರ ಮೇಲಿನ ಕಾಕಲಿ ಹಿಡಿಯುತ್ತಾರೆ! ನಾನು ತಪ್ಪಿದೆ ಅಂತ ನಿಲ್ಲಿಸಿಬಿಟ್ಟೆ. ತಪ್ಪಲ್ಲವಂತೆ. ಆ ಕಾಲದ ಇಂಗ್ಲಿಷ್ ರಚನೆಕಾರರಿಗೆ ಆ ತಿಕ್ಕಾಟ ತುಂಬ ಇಷ್ಟ. ಹುಣಸೆಹಣ್ಣಿಗೆ ಉಪ್ಪು ಹಾಕಿ ತಿಂದ ಹಾಗೆ ಹಲ್ಲು ಜುಂ ಅನ್ನುತ್ತದೆ. ಈಗ ನನಗೂ ಅದೇ ಇಷ್ಟ.

ಮನೆಯಲ್ಲಿ ಅಭ್ಯಾಸ ಮಾಡುವವರಿಗೆ: ಧ್ವನಿಮುದ್ರಣ ಕೇಳುತ್ತಾ ನಿಮ್ಮ ಸಾಲು ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಕೆನಡಾದ ಕಲಾವಿದೆ ಜಾನೆಟ್ ಕಾರ್ಡಿಫ್ 2001ರಲ್ಲಿ ಈ ಕೃತಿಯನ್ನೇ ನಲವತ್ತು ಸ್ಪೀಕರ್‌ಗಳಲ್ಲಿ, ಒಂದೊಂದರಲ್ಲಿ ಒಂದೊಂದು ದನಿ ಬರುವ ಹಾಗೆ, ಸುತ್ತಲೂ ನಿಲ್ಲಿಸಿದ್ದರು. ಹಾಡಿದ್ದು ಸಾಲಿಸ್ಬರಿ ಕೆಥೆಡ್ರಲ್‌ನ ಕ್ವಾಯರ್. ಅದು ನಿಮ್ಮ ಊರಿಗೆ ಬಂದರೆ ಬಿಡಬೇಡಿ. ನಡೆದುಕೊಂಡು ಹೋಗಿ ಒಂದು ಸ್ಪೀಕರ್ ಮುಂದೆ ನಿಂತರೆ ಒಬ್ಬನೇ ಹಾಡುವುದು ಕೇಳುತ್ತದೆ. ಅದಿಲ್ಲದ ನಾನು ಮೊಬೈಲ್‌ನಲ್ಲಿ ನನ್ನ ಸಾಲನ್ನು ನಾನೇ ಹಾಡಿ, ಖಾಲಿ ಬಾರ್‌ಗಳಲ್ಲಿ ಆದಿತಾಳವನ್ನು ಬಾಯಲ್ಲಿ ಎಣಿಸಿ, ರೆಕಾರ್ಡ್ ಮಾಡಿಕೊಂಡು ಕೇಳುತ್ತಿದ್ದೆ.

ನವೆಂಬರ್‌ನ ಒಂದು ಭಾನುವಾರ ಗ್ರೀನಿಚ್‌ಗೆ ಹೋಗಿ ಬಂದೆ. ಟಾಲಿಸ್ 1585ರ ನವೆಂಬರ್‌ನಲ್ಲಿ ಅಲ್ಲೇ ತೀರಿಕೊಂಡದ್ದು. ಸೇಂಟ್ ಆಲ್ಫೀಜ್ ಚರ್ಚಿನಲ್ಲಿ ಹೂತರು. ಎಂಟನೇ ಹೆನ್ರಿಗೆ ನಾಮಕರಣದ ಸ್ನಾನ ಆದದ್ದೂ ಅದೇ ಚರ್ಚಿನಲ್ಲಿ. ಆದರೆ ಆ ಕಟ್ಟಡ ಈಗಿಲ್ಲ. 1710ರ ಬಿರುಗಾಳಿಗೆ ಚಾವಣಿ ಕುಸಿಯಿತು. ಈಗಿರುವುದು ವಾಸ್ತುಶಿಲ್ಪಿ ನಿಕೋಲಸ್ ಹಾಕ್ಸ್‌ಮೂರ್ ಕಟ್ಟಿದ್ದು. ಹೊಸದಾಗಿ ಕಟ್ಟುವಾಗ ಟಾಲಿಸ್‌ನ ಸಮಾಧಿಯ ಹಿತ್ತಾಳೆ ಫಲಕವೂ ಹೋಯಿತು. ಈಗ ಒಂದು ನೆನಪಿನ ಫಲಕ ಇದೆ. ಅವನು ನುಡಿಸಿರಬಹುದು ಅನ್ನುವ ಹಳೆಯ ಆರ್ಗನ್ ವಾದ್ಯದ ಕೀಲಿಮಣೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಐದು ನಿಮಿಷ ನಿಂತೆ. ಕೈ ಮುಗಿಯಬೇಕು ಅನ್ನಿಸಿತು, ಯಾರೂ ನೋಡದಾಗ ಮುಗಿದೆ. ಹೊರಗೆ ಬಂದು ಸಂತೆಯಲ್ಲಿ ಬಿಸಿ ಚಾಕಲೇಟ್ ಕುಡಿದೆ. ಮನಸ್ಸು ಸ್ವಲ್ಪ ತಣ್ಣಗಾಯಿತು.

ಆ ತಣ್ಣಗೆ ಇದ್ದದ್ದು ಬುಧವಾರದವರೆಗೆ ಮಾತ್ರ.

ಕಾರ್ಯಕ್ರಮಕ್ಕೆ ಮೂರು ದಿನ ಇರುವಾಗ ಹಿರಿಯರ ಫೋನ್. ದನಿಯೇ ಗುರುತು ಸಿಗಲಿಲ್ಲ. ಎದೆ ಕಟ್ಟಿಕೊಂಡಿದೆ, ವೈದ್ಯರು ಎರಡು ವಾರ ಹಾಡಬೇಡಿ ಅಂದಿದ್ದಾರೆ. "ಎಂಟನೇ ಟೆನರ್ ಈಗ ನೀವೊಬ್ಬರೇ" ಅಂದರು. ಇಷ್ಟು ದಿನ ನನ್ನ ಪ್ರವೇಶ ಬರುವ ಎರಡು ಎಣಿಕೆ ಮುಂಚೆ ಅವರ ಮೊಣಕೈ ನನ್ನ ಪಕ್ಕೆಗೆ ತಾಗುತ್ತಿತ್ತು. ನಾನು ಎಣಿಸುತ್ತಿದ್ದೇನೆ ಅಂದುಕೊಂಡಿದ್ದೆ. ನಿಜವಾಗಿ ಆ ಮೊಣಕೈಯನ್ನೇ ಕಾಯುತ್ತಿದ್ದೆ ಅಂತ ಆಗ ಗೊತ್ತಾಯಿತು. ಅವರು ಕೆಮ್ಮುತ್ತಲೇ ಮೂರು ಮಾತು ಹೇಳಿದರು. ತಪ್ಪಿದರೆ ತಕ್ಷಣ ಬಾಯಿ ಮುಚ್ಚಿ. ಅಂದಾಜಿನ ಮೇಲೆ ಹಾಡಬೇಡಿ. ಹುಡುಕುತ್ತಿರುವಾಗ ಮುಖದಲ್ಲಿ ತೋರಿಸಬೇಡಿ.

ಆ ಮೂರು ರಾತ್ರಿ ನಾನು ಮಲಗಿದ್ದು ಕಡಿಮೆ. ಹೆಂಡತಿಗೆ ಕೆಲಸ ಕೊಟ್ಟೆ. ಅವಳು ಕೈಯಲ್ಲಿ ತಾಳ ಹಾಕುತ್ತಾ ಮಧ್ಯೆ ಮಧ್ಯೆ ಬೇರೆ ಮಾತಾಡಿ ನನ್ನ ಎಣಿಕೆ ಕೆಡಿಸಬೇಕು. "ಹಾಲು ತಂದ್ರಾ? ಕೌನ್ಸಿಲ್ ಟ್ಯಾಕ್ಸ್ ಕಟ್ಟಿದ್ರಾ?" ಅಂತ ಕೇಳುತ್ತಾ ಹದಿನೆಂಟು ಆವರ್ತನ ಕಾಯಿಸುತ್ತಿದ್ದಳು. ಕಾಯುವ ಪಟ್ಟಿಯ ಸೇಡನ್ನೂ ಅದರಲ್ಲೇ ತೀರಿಸಿಕೊಂಡಳು ಅಂತ ನನ್ನ ಅನುಮಾನ. ಆದರೆ ಉಪಯೋಗ ಆಯಿತು.

ಶನಿವಾರ. ಮಧ್ಯಾಹ್ನ ಎರಡಕ್ಕೆ ಚರ್ಚಿನಲ್ಲಿ ಕೊನೆಯ ತಾಲೀಮು. ಕಪ್ಪು ಅಂಗಿ, ಕಪ್ಪು ಫೋಲ್ಡರ್. ಒಳಗೆ ವಿಪರೀತ ಚಳಿ, ಉಣ್ಣೆಯ ಬನಿಯನ್ ಹಾಕಿಕೊಳ್ಳದೆ ಹೋಗಬೇಡಿ. ಕೇಳುವವರನ್ನು ನಡುವೆ ಕೂರಿಸಿ ನಮ್ಮನ್ನು ಸುತ್ತಲೂ ನಿಲ್ಲಿಸಿದರು. ಇಲ್ಲೊಂದು ಎಣಿಸದ ಅಡ್ಡಿ ಬಂತು. ಹಾಲ್‌ನಲ್ಲಿ ಒಂದನೇ ಗುಂಪು ನನಗೆ ಹತ್ತು ಹೆಜ್ಜೆ ದೂರ ಇತ್ತು. ಚರ್ಚಿನಲ್ಲಿ ಅವರ ಮತ್ತು ನನ್ನ ನಡುವೆ ಒಂದು ದಪ್ಪ ಕಂಬ. ದನಿ ಸುತ್ತಿ ಬರುವಾಗ ತಡವಾಗಿ ಕೇಳುತ್ತದೆ. ಕಿವಿಯನ್ನು ನಂಬಿದರೆ ಹಿಂದೆ ಬೀಳುತ್ತೀರಿ. "ಕಿವಿ ಬೇಡ, ನನ್ನ ಕೈ ನೋಡಿ" ಅಂತ ನಿರ್ದೇಶಕಿ ಹತ್ತು ಸಲ ಹೇಳಿದರು. ಕಿವಿಯಿಂದಲೇ ಎಲ್ಲ ಕಲಿತವನಿಗೆ ಕಿವಿ ಬೇಡ ಅಂದರೆ ಹೇಗಾಗಬೇಡ?

ಸಂಜೆ ಏಳೂವರೆ. ಮೊದಲರ್ಧದಲ್ಲಿ ಸಣ್ಣ ಸಣ್ಣ ಹಾಡುಗಳು, ಅವು ಹೇಗೋ ಹೋದವು. ವಿರಾಮ ಆದಮೇಲೆ ಸ್ಪೆಮ್.

ಆಚೆ ಕಂಬದ ಹಿಂದಿನಿಂದ ಒಂದೇ ದನಿ ಬಂತು. ಹೆಬ್ಬೆರಳು ಶುರುವಾಯಿತು. ಒಂದು, ಎರಡು, ಮೂರು ಆವರ್ತನ. ದನಿ ಎರಡನೇ ಗುಂಪಿಗೆ, ಮೂರಕ್ಕೆ. ಬೆನ್ನಿನಲ್ಲಿ ಬೆವರು. ಹತ್ತು, ಹನ್ನೊಂದು. ದೂರದ ಮಳೆ ಮನೆಗಳ ಮೇಲೆ ಹಾದು ನಮ್ಮ ಬೀದಿಗೆ ಬರುತ್ತದಲ್ಲ, ಹಾಗೆ ಹತ್ತಿರ ಹತ್ತಿರ ಬರುತ್ತಿತ್ತು. ಪಕ್ಕೆಗೆ ಮೊಣಕೈ ತಾಗಲಿಲ್ಲ. ಬಾಯಿ ತೆರೆದೆ. ಸರಿಯಾಗಿತ್ತು! ಸ್ವರವೂ ಸರಿ, ಜಾಗವೂ ಸರಿ. ಅಷ್ಟರಲ್ಲೇ ನಲವತ್ತನೇ ಬಾರ್ ಬಂತು, ಎಲ್ಲ ಕಡೆಯಿಂದ ಒಮ್ಮೆಲೇ ಬಂತು. ಎದೆಯ ಮೂಳೆ ಅದುರಿದ್ದು ನನಗೆ ಗೊತ್ತಾಯಿತು. ನನ್ನ ದನಿ ನನಗೇ ಕೇಳಿಸಲಿಲ್ಲ. ಹಾಡುತ್ತಿದ್ದೇನೆ ಅಂತ ಗಂಟಲಿನ ನಡುಕದಿಂದ ಮಾತ್ರ ಗೊತ್ತಾಗುತ್ತಿತ್ತು. ಅಮ್ಮನ ಪ್ರಶ್ನೆಗೆ ಉತ್ತರ ಇದೇ ಇರಬಹುದು ಅಂತ ಒಂದು ಕ್ಷಣ ಅಂದುಕೊಂಡೆ.

ಅಂದುಕೊಳ್ಳಬಾರದಿತ್ತು. ಹಿಂದಕ್ಕೆ ಸುತ್ತುವ ಭಾಗ ಸರಿಯಾಗೇ ಮುಗಿಸಿದೆ. ಆದರೆ ಗುಂಪು ಗುಂಪು ಎಸೆದಾಡುವ ಭಾಗದಲ್ಲಿ ಒಂದು ಆವರ್ತನ ಎಲ್ಲೋ ಜಾರಿಹೋಯಿತು. ಬಾಯಿ ತೆರೆದಾಗ ನಮ್ಮ ಗುಂಪಿನ ಉಳಿದ ನಾಲ್ವರು ಆಗಲೇ ಎರಡು ಪದ ಮುಂದೆ ಇದ್ದರು. ತಕ್ಷಣ ಬಾಯಿ ಮುಚ್ಚಿದೆ. ಮುಖದಲ್ಲಿ ತೋರಿಸಲಿಲ್ಲ. ಹುಡುಕಿದೆ, ಸಿಗಲಿಲ್ಲ. ಅಂದಾಜಿನ ಮೇಲೆ ಹಾಡಲಿಲ್ಲ. ಸುಮಾರು ಅರ್ಧ ನಿಮಿಷ ಟಾಲಿಸ್‌ನ ನಲವತ್ತು ದನಿಯ ಕೃತಿ ಮೂವತ್ತೊಂಬತ್ತು ದನಿಯಲ್ಲಿ ನಡೆಯಿತು. ಕೊನೆಗೆ ಆ ಮೌನ ಬಂತು. ಅದನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳಲಾರರು. ಇಡೀ ಚರ್ಚು ಉಸಿರು ಹಿಡಿದಿತ್ತು. ನಿರ್ದೇಶಕಿಯ ಕೈ ಇಳಿಯಿತು. 'ರೆಸ್ಪಿಚೆ', ನೋಡು ಅಂತ. ಅಲ್ಲಿ ಸೇರಿಕೊಂಡೆ. ಅಲ್ಲಿಂದ ಕೊನೆವರೆಗೆ ಬಿಡಲಿಲ್ಲ.

ಮುಗಿದ ಮೇಲೆ ಪಕ್ಕದ ಬ್ಯಾರಿಟೋನ್, "ನಡುವೆ ಸ್ವಲ್ಪ ಗಾಳಿ ಕುಡಿಯಲು ಹೋಗಿದ್ದಿರಾ?" ಅಂದ. ಬೇ‌ರೆ ಯಾರಿಗೂ ಗೊತ್ತಾಗಿರಲಿಲ್ಲ. ಮಗಳನ್ನು ಕೇಳಿದೆ, ಹೇಗಿತ್ತು ಅಂತ. "ಚೆನ್ನಾಗಿತ್ತು. ಆದ್ರೆ ನೀನು ಸುಮ್ನೆ ನಿಂತಿದ್ದೆ, ಅಲ್ವಾ?" ಅಂದಳು. ಅವಳು ನೋಡಿದ್ದು ಮೊದಲ ಎರಡು ನಿಮಿಷವಂತೆ. ಆಮೇಲೆ ನಿದ್ದೆ ಬಂತಂತೆ.

ಖರ್ಚು ಕೇಳಿದವರಿಗೆ: ಒಂದು ಅವಧಿಯ ಶುಲ್ಕ 70 ಪೌಂಡ್, ಫೋಲ್ಡರ್ 12, ಕಪ್ಪು ಅಂಗಿ 18, ಪುಸ್ತಕದ ಬಾಡಿಗೆಯಲ್ಲಿ ನನ್ನ ಪಾಲು 5, ಹಾಳಾದ ಪ್ರಿಂಟ್ 6. ಬಸ್ಸಿಗೆ ಹೋಗಿ ಬಂದದ್ದು ಹನ್ನೆರಡು ಸಲ, ಒಂದು ಕಡೆಗೆ 1.75 ಪೌಂಡ್, ಒಟ್ಟು 42. ಮನೆಯವರ ಟಿಕೆಟ್ 20. ಎಲ್ಲ ಸೇರಿ 173 ಪೌಂಡ್. ಹೌದು, ಹಾಡುವವರ ಮನೆಯವರೂ ಟಿಕೆಟ್ ಕೊಳ್ಳಬೇಕು. ನಾನೂ ಆಶ್ಚರ್ಯಪಟ್ಟೆ.

ಒಂದು ಕೆಲಸ ಬಾಕಿ ಇತ್ತು. ಬಾಡಿಗೆ ಪುಸ್ತಕವನ್ನು ವಾಪಸ್ ಕೊಡುವ ಮುಂಚೆ ಪೆನ್ಸಿಲ್ ಗುರುತೆಲ್ಲ ಅಳಿಸಬೇಕು, ಇಲ್ಲದಿದ್ದರೆ ದಂಡ. ಪೆನ್ ತರಬೇಡಿ ಅಂದದ್ದು ಅದಕ್ಕೇ. ಭಾನುವಾರ ಪೂರ್ತಿ ಕೂತು ಅಳಿಸಿದೆ. ಪುಟದ ತುಂಬ ಕನ್ನಡ, ಆವರ್ತನದ ಅಂಕೆ, ಎರಡು ರಬ್ಬರ್ ಸವೆಯಿತು. ಕೊನೆಯ ಪುಟದ 'ರೆಸ್ಪಿಚೆ' ಮಾತ್ರ ಹೋಗಲಿಲ್ಲ. ಬುಧವಾರ ರಾತ್ರಿ ಹೆದರಿಕೊಂಡು ತುಂಬ ಒತ್ತಿ ಬರೆದಿದ್ದೆ. ಬಣ್ಣ ಹೋಗಿದೆ, ಅಚ್ಚು ಹಾಗೇ ಇದೆ. ನಿನ್ನೆ ಕೊಟ್ಟು ಬಂದೆ. ದಂಡದ ಇಮೇಲ್ ಇನ್ನೂ ಬಂದಿಲ್ಲ.